ಜಾಮೀನಿನ ರುಜು

2013ರ ಫೆಬ್ರವರಿಯ ಒಂದು ಶನಿವಾರ ಗಂಗೊಳ್ಳಿಯಲ್ಲಿ, ಫ್ಯಾನು ಕಿರುಗುಟ್ಟುವ ಒಂದು ಕಚೇರಿಯಲ್ಲಿ ಕೂತು ನಾನು ಹನ್ನೊಂದು ಕಡೆ ರುಜು ಹಾಕಿದೆ. ಅಣ್ಣ ಇನ್ನು ನಾಲ್ಕು ಜನರ ಜೊತೆ ಸೇರಿ ಒಂದು ಪರ್ಸೀನ್ ಬೋಟಿನಲ್ಲಿ ಪಾಲು ತೆಗೆದುಕೊಳ್ಳುವವನಿದ್ದ. ಅವನ ಪಾಲಿನ ಸಾಲಕ್ಕೆ ನಾನು ಜಾಮೀನುದಾರ. ಮುಂಬಯಿಯಲ್ಲಿ ತಿಂಗಳ ಪಗಾರದ ತಮ್ಮನಿದ್ದರೆ ಊರಿನಲ್ಲಿ ಅವನಿಗಿಂತ ಅವನ ರುಜುವಿಗೆ ಬೆಲೆ ಹೆಚ್ಚು. ನಾನು ಕಾಗದಗಳನ್ನು ಒಂದೊಂದಾಗಿ ಓದಲು ಹೊರಟಾಗ ಅಣ್ಣ ನಕ್ಕ. "ಹೋದ್ ವರ್ಷ ಬಿದ್ದ ಬೈಗೆ ಕಂಡಿದ್ರೆ ನೀನ್ ಇದನ್ನೆಲ್ಲ ಓದ್ತಿರ್ಲಿಲ್ಲೆ," ಎಂದ.

ಸುಳ್ಳಲ್ಲ. 2012ರಂಥ ವರ್ಷವನ್ನು ನಮ್ಮ ಕಡೆಯವರು ಕಂಡದ್ದು ಕಡಿಮೆ. ದೇಶದಲ್ಲೆಲ್ಲ ಸೇರಿ ಏಳು ಲಕ್ಷ ಟನ್ನಿಗೂ ಹೆಚ್ಚು ಬೈಗೆ ಬಿತ್ತು. ಕೇರಳ ಒಂದರಲ್ಲೇ 3.9 ಲಕ್ಷ ಟನ್. ದಕ್ಕೆಯಲ್ಲಿ ಕಾಲಿಡಲು ಜಾಗವಿರಲಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದಳು. ಹಾಗೆ ಬಿದ್ದ ಮೀನಿನ ಧೈರ್ಯದ ಮೇಲೆ ನನ್ನ ಹನ್ನೊಂದು ರುಜು ನಿಂತಿತ್ತು.

ಹೆಸರಿನ ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ನಮ್ಮಲ್ಲಿ ಬೈಗೆ ಎನ್ನುವುದನ್ನು ಮಲ್ಪೆ ಮಂಗಳೂರಿನ ಕಡೆ ಬೂತಾಯಿ ಎನ್ನುತ್ತಾರೆ. ಕೊಂಕಣಿಯಲ್ಲಿ ತಾರ್ಲೆ, ಮುಂಬಯಿ ಪುಣೆಯ ಮಾರ್ಕೆಟ್ಟಿನಲ್ಲಿ ತಾರ್ಲಿ, ಕೇರಳದಲ್ಲಿ ಮತ್ತಿ. ವಿಜ್ಞಾನಿಗಳ ಬಾಯಲ್ಲಿ ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಒಂದು ಗೇಣು ಉದ್ದ, ಬೆಳ್ಳಿ ಬಣ್ಣ, ತುಂಬ ಮುಳ್ಳು, ಬಡವರ ಮೀನು. ದೇಹದಲ್ಲಿ ಎಷ್ಟು ಎಣ್ಣೆ ಎಂದರೆ ಇಂಗ್ಲಿಷಿನಲ್ಲಿ ಅದರ ಹೆಸರಿಗೇ ಎಣ್ಣೆ ಸೇರಿಕೊಂಡಿದೆ. ಬ್ರಿಟಿಷರ ಕಾಲದಲ್ಲಿ ಮಲಬಾರಿನಲ್ಲೂ ನಮ್ಮ ದಕ್ಷಿಣ ಕನ್ನಡದಲ್ಲೂ ಇದನ್ನು ಬೇಯಿಸಿ ಎಣ್ಣೆ ತೆಗೆದು ಮಾರುತ್ತಿದ್ದರು, ಉಳಿದ ಹಿಂಡಿ ಗೊಬ್ಬರವಾಗುತ್ತಿತ್ತು. ನಾನು ಚಿಕ್ಕವನಿದ್ದಾಗಲೂ ದೋಣಿಯ ಹಲಗೆಗೆ ಮೀನೆಣ್ಣೆ ಬಳಿಯುವುದು, ತೆಂಗಿನ ಬುಡಕ್ಕೆ ಬೈಗೆ ಹೂಳುವುದು ಇತ್ತು. ಆ ವಾಸನೆ ಗೊತ್ತಿದ್ದವರಿಗೆ ಹೆಚ್ಚು ವಿವರಣೆ ಬೇಡ.

ಈ ಮೀನು ಬದುಕುವುದು ಎರಡು ಎರಡೂವರೆ ವರ್ಷ ಮಾತ್ರ. ಒಂದು ವರ್ಷ ತುಂಬುವುದರೊಳಗೆ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಅಂದರೆ ಎರಡು ಮಳೆಗಾಲ ಸತತವಾಗಿ ಕೆಟ್ಟರೆ ಮುಂದಿನ ವರ್ಷಕ್ಕೆ ತಾಯಿ ಮೀನೇ ಉಳಿದಿರುವುದಿಲ್ಲ. ಇಷ್ಟು ಚಿಕ್ಕ ಆಯುಸ್ಸಿನ ಜೀವದ ಮೇಲೆ ಏಳು ವರ್ಷದ ಸಾಲ ತೆಗೆಯುವುದು ಎಂಥ ಲೆಕ್ಕ ಎಂದು ನನಗೆ ಆಗ ಹೊಳೆಯಲಿಲ್ಲ. ಲೆಕ್ಕಪತ್ರ ನೋಡುವುದೇ ನನ್ನ ಕಸುಬು ಬೇರೆ.

2014ರಲ್ಲಿ ಕಂತು ಸರಿಯಾಗಿ ಹೋಯಿತು. 2015ರಲ್ಲಿ ತಡವಾಯಿತು. ಆ ವರ್ಷ ಕೇರಳದಲ್ಲಿ ಬಿದ್ದ ಬೈಗೆ ಸುಮಾರು 68 ಸಾವಿರ ಟನ್. ಮೂರೇ ವರ್ಷದಲ್ಲಿ ಆರರಲ್ಲಿ ಒಂದು ಪಾಲಿಗೆ ಇಳಿದಿತ್ತು. ನಮ್ಮ ಕಡೆಯ ಸ್ಥಿತಿಯೂ ಬೇರೆ ಇರಲಿಲ್ಲ. ಪರ್ಸೀನ್ ಬೋಟೆಂದರೆ ಮೂವತ್ತರಷ್ಟು ಜನ ಕಲಾಸಿಗಳು, ಡೀಸೆಲು, ಮಂಜುಗಡ್ಡೆ, ಬಲೆ ರಿಪೇರಿ. ಬಲೆ ಖಾಲಿ ಬಂದರೂ ಈ ಖರ್ಚು ಖರ್ಚೇ. 2017ರಲ್ಲಿ ಮೀನು ಒಮ್ಮೆ ತಿರುಗಿ ನೋಡಿದಂತೆ ಬಂತು, ಅಣ್ಣನ ಧ್ವನಿಯೂ ಬದಲಾಯಿತು. ಮರುವರ್ಷದಿಂದ ಮತ್ತೆ ಇಳಿಮುಖ. 2018ರ ನವೆಂಬರಿನಲ್ಲಿ ಮುಲುಂಡಿನ ನಮ್ಮ ಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಬಂತು. ನೋಟೀಸನ್ನು ಸಹಿ ಮಾಡಿ ತೆಗೆದುಕೊಂಡವಳು ನನ್ನ ಹೆಂಡತಿ. ಮಗಳ ಇಂಜಿನಿಯರಿಂಗಿಗೆಂದು ಇಟ್ಟ ಎಫ್‌ಡಿ ಮುರಿದು 4 ಲಕ್ಷ 20 ಸಾವಿರ ಕಟ್ಟಿದೆ.

ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ, ಅಣ್ಣ ಅದರ ಬಗ್ಗೆ ಒಂದು ಮಾತೂ ಆಡದೇ ಇದ್ದದ್ದು ನನ್ನನ್ನು ಕೊರೆಯಿತು. ಮರುವರ್ಷ ದೀಪಾವಳಿಗೆ ಊರಿಗೆ ಹೋದಾಗ ಊಟದ ಹೊತ್ತಿನಲ್ಲಿ ನಾನೇ ಬಾಯಿಬಿಟ್ಟೆ. ಪೇಪರಿನಲ್ಲಿ ಓದಿದ್ದನ್ನೆಲ್ಲ ಅವನ ತಟ್ಟೆಗೆ ಸುರಿದೆ. ಮರಿ ಮೀನನ್ನೂ ಬಿಡದೆ ಬಾಚಿದಿರಿ, ಬಾಚಿದ್ದನ್ನು ಮೀನಿನ ಹುಡಿ ಮಾಡುವ ಫ್ಯಾಕ್ಟರಿಗೆ ಸುರಿದಿರಿ, ಈಗ ಕಡಲು ಖಾಲಿ ಎಂದರೆ ಯಾರು ಹೊಣೆ ಎಂದು ಕೇಳಿದೆ. ಅಣ್ಣ ಕೈ ತೊಳೆದು ಬಂದು ನಿಂತುಕೊಂಡೇ ಹೇಳಿದ:

"ಕಡ್ಲ್ ಬಿಸಿ ಆಯ್ತ್ ಅಂತ ಅದೇ ಪೇಪರಂಗೆ ಬರ್ದಿದ್ರಲೆ? ಅದ್ಕೆ ನಾನ್ ಕೆಳ್ಗ್ ಬೆಂಕಿ ಹಾಕಿದ್ನಾ? ನಿಮ್ ಮುಂಬಯಿಯ ಕಾರ್ ಎಷ್ಟ್, ಎಸಿ ಎಷ್ಟ್?"

ನಾನು ರಾತ್ರಿಯ ರೈಲಿಗೆ ಹೊರಟುಬಂದೆ. ನಮ್ಮನ್ನು ಊರಿಗೂ ಮುಂಬಯಿಗೂ ಸಾಗಿಸುವ ರೈಲಿನ ಹೆಸರು ಮತ್ಸ್ಯಗಂಧಾ ಎಂದು ಯಾರು ಇಟ್ಟರೋ, ಆ ರಾತ್ರಿ ಅದನ್ನು ನೆನೆದು ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ಒಂದೂವರೆ ವರ್ಷ ನಾವಿಬ್ಬರು ಮಾತಾಡಲಿಲ್ಲ. ಅಮ್ಮನ ಹತ್ತಿರ ಮಾತಾಡುವಾಗ ಹಿಂದೆ ಅವನ ಕೆಮ್ಮು ಕೇಳಿಸುತ್ತಿತ್ತು, ಅಷ್ಟೆ.

ಲಾಕ್‌ಡೌನ್ ಬಂತು. ಆಫೀಸು ಮನೆಗೇ ಬಂತು. ಅಣ್ಣನ ಪ್ರಶ್ನೆಗೆ ಉತ್ತರ ಹುಡುಕಿ ಅವನ ಬಾಯಿ ಮುಚ್ಚಿಸಬೇಕೆಂಬ ಹಟದಿಂದ ನಾನು ಬೈಗೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುವುದಕ್ಕೆ ಬೇಕಾದಷ್ಟಿದೆ. ಕೊಚ್ಚಿಯಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಎಲ್ಲರೂ ಸಿಎಂಎಫ್‌ಆರ್‌ಐ ಎನ್ನುವುದು, 1947ರಿಂದ ಇದೆ. ದೇಶದ ದಕ್ಕೆ ದಕ್ಕೆಗಳಲ್ಲಿ ಅವರ ಜನ ನಿಂತು ಬೋಟುಗಳ ಮಾದರಿ ಎಣಿಸಿ, ಅದರಿಂದ ಒಟ್ಟು ಅಂದಾಜು ಕಟ್ಟುತ್ತಾರೆ. ಸಮುದ್ರಕ್ಕೂ ಒಂದು ಲೆಡ್ಜರ್ ಇದೆಯೆಂದು ನನ್ನಂಥ ಗುಮಾಸ್ತನಿಗೆ ಖುಷಿಯಾಯಿತು.

ಮೊದಲು ಸಿಕ್ಕಿದ ಸಂಗತಿಯೇ ನನ್ನ ವಾದದ ಕಾಲು ಮುರಿಯಿತು. ಬೈಗೆ ಹೀಗೆ ಕಾಣೆಯಾದದ್ದು ಇದೇ ಮೊದಲಲ್ಲ. 1940ರ ದಶಕದಲ್ಲೂ ಕಾಣೆಯಾಗಿತ್ತು. ಆಗ ಪರ್ಸೀನ್ ಇರಲಿಲ್ಲ, ಇಂಜಿನ್ ಇರಲಿಲ್ಲ, ಮೀನಿನ ಹುಡಿಯ ಇಂದಿನ ಫ್ಯಾಕ್ಟರಿಗಳೂ ಇರಲಿಲ್ಲ. ಹುಟ್ಟು ಹಾಕುವ ದೋಣಿ, ಕೈಯಲ್ಲಿ ನೇಯ್ದ ಬಲೆ. ಆದರೂ ಮದ್ರಾಸ್ ಸರ್ಕಾರ ಗಾಬರಿಯಾಗಿ 1943ರಲ್ಲಿ ಕೆಲವು ಬಲೆಗಳನ್ನು ನಿಷೇಧಿಸಿತು, ಮರಿ ಬೈಗೆ ಹಿಡಿಯುವುದಕ್ಕೆ ಕಡಿವಾಣ ಹಾಕಿತು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತಲ್ಲ. ಆ ಕಾನೂನು ಕೆಲವೇ ವರ್ಷ ಬಾಳಿತು. ಅದಕ್ಕೂ ಮೊದಲು, 1920ರ ದಶಕದಲ್ಲೇ ಜೇಮ್ಸ್ ಹಾರ್ನೆಲ್ ಎಂಬ ಅಧಿಕಾರಿ ನಾಯುಡು ಎಂಬ ಸಹಾಯಕರೊಡನೆ ಬೈಗೆಯ ಬದುಕಿನ ಬಗ್ಗೆ ಅಭ್ಯಾಸ ಮಾಡಿ ಬರೆದಿದ್ದರು. ಅಂದರೆ ತಪ್ಪು ಬಲೆಯದೋ ಕಡಲಿನದೋ ಎಂಬ ಜಗಳ ನಾವಿಬ್ಬರು ಅಣ್ಣತಮ್ಮಂದಿರು ಹುಟ್ಟುವುದಕ್ಕೆ ಎಷ್ಟೋ ಮೊದಲಿನದು.

ಕಡಲು ತಾನಾಗಿಯೇ ಇದನ್ನು ಹೇಗೆ ಮಾಡುತ್ತದೆ? ನಮ್ಮ ಊರಿನ ಮೀನುಗಾರರು ಒಂದು ಶಬ್ದ ಬಳಸುತ್ತಾರೆ: ತೂಫಾನ್. ಮಳೆಗಾಲದಲ್ಲಿ ಕಡಲು ಬುಡದಿಂದ ಕದಡಿ ಕೆಂಪಾಗಿ ಉಕ್ಕಬೇಕು, ಆಮೇಲೆ ಮೀನು. ತೂಫಾನ್ ಆಗದ ವರ್ಷ ಮೀನಿಲ್ಲ ಎಂದು ಅಪ್ಪಯ್ಯ ಹೇಳುತ್ತಿದ್ದ. ಪುಸ್ತಕದ ಭಾಷೆಯಲ್ಲಿ ಇದರ ಒಂದು ಭಾಗ ಹೀಗೆ: ಮುಂಗಾರಿನ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ, ಸತ್ವವುಳ್ಳ ನೀರು ಏಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಪಾಚಿಗಳು ಬೆಳೆಯುತ್ತವೆ. ಬೈಗೆ ಆ ಪಾಚಿಯನ್ನು ಸೋಸಿ ತಿನ್ನುತ್ತದೆ. ಮೊಟ್ಟೆ ಇಡುವುದೂ ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ, ಮರಿಗೆ ಊಟ ಸಿಗುವ ಹೊತ್ತಿಗೆ. ಕೇರಳದ ದಕ್ಷಿಣದಲ್ಲಿ ಈ ಏಳುನೀರು ಜೋರು, ಉತ್ತರಕ್ಕೆ ಬಂದಂತೆ ಸಣ್ಣದಾಗುತ್ತದೆ.

ಮೇಲಿನ ನೀರು ಬಿಸಿಯಾದರೆ ಹಗುರಾಗಿ ಮೇಲೆಯೇ ಕೂರುತ್ತದೆ, ಪಾತ್ರೆಯ ಮುಚ್ಚಳದ ಹಾಗೆ. ಕೆಳಗಿನ ಸತ್ವ ಮೇಲೆ ಬರುವುದು ಕಷ್ಟವಾಗುತ್ತದೆ. ಹಿಂದೂ ಮಹಾಸಾಗರದ ಮೇಲ್ಮೈ 1950ರಿಂದೀಚೆಗೆ ದಶಕಕ್ಕೆ ಸುಮಾರು 0.12 ಡಿಗ್ರಿಯಂತೆ ಬಿಸಿಯಾಗಿದೆ. ನಿಮ್ಮಲ್ಲಿ ಪುಣೆಯಲ್ಲಿರುವವರು ಪಾಷಾಣ್ ರಸ್ತೆಯಲ್ಲಿ ಐಐಟಿಎಂ ಸಂಸ್ಥೆಯ ಬೋರ್ಡು ನೋಡಿರುತ್ತೀರಿ. ಅಲ್ಲಿನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಸಹೋದ್ಯೋಗಿಗಳು ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಈ ಪಾಚಿ ಆರು ದಶಕಗಳಲ್ಲಿ ಶೇಕಡಾ 20ರವರೆಗೆ ಕಡಿಮೆಯಾಗಿದೆ ಎಂದು ತೋರಿಸಿದರು. ಸೊನ್ನೆ ಪಾಯಿಂಟ್ ಒಂದು ಎರಡು ಎಂದರೆ ಏನು ಮಹಾ ಎಂದು ನನಗೂ ಅನಿಸಿತ್ತು. ಏಳುನೀರು ಬಂದರೆ ಸಾಕೆಂದೂ ಅಲ್ಲ. ಅರಬ್ಬೀ ಸಮುದ್ರದ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದು ಅತಿಯಾಗಿ ದಡದ ಹತ್ತಿರ ಬಂದರೆ ಮೀನು ಉಸಿರುಗಟ್ಟಿ ಓಡುತ್ತದೆ. ಮಳೆಗಾಲದ ಕೊನೆಯಲ್ಲಿ ಕರ್ನಾಟಕ, ಗೋವಾ ಕರಾವಳಿಯಲ್ಲಿ ಇದು ಆಗುವುದುಂಟು.

2015ರ ಕುಸಿತಕ್ಕೆ ಆ ವರ್ಷದ ಎಲ್‌ನಿನೊ ಒಂದು ಮುಖ್ಯ ಕಾರಣವೆಂದು ಸಿಎಂಎಫ್‌ಆರ್‌ಐಯವರೇ ಹೇಳಿದ್ದಾರೆ. ಜೊತೆಗೆ, ಅದಕ್ಕೂ ಮೊದಲಿನ ಸಮೃದ್ಧಿಯ ವರ್ಷಗಳಲ್ಲಿ ಮಿತಿಮೀರಿ ಹಿಡಿದದ್ದನ್ನೂ ಹೇಳಿದ್ದಾರೆ. ಅಂದರೆ ಅಣ್ಣನೂ ಸರಿ, ನಾನೂ ಸರಿ. ಇಬ್ಬರೂ ಸರಿಯಿದ್ದಾಗ ಜಗಳ ಮುಗಿಯುವುದು ಇನ್ನೂ ಕಷ್ಟ.

ಓದುತ್ತ ಹೋದಂತೆ ಮನೆಯ ಜಗಳ ಮರೆತು ಮೀನುಗಳ ವಲಸೆಯೇ ನನ್ನನ್ನು ಹಿಡಿದುಕೊಂಡಿತು. ಹಿಂದೆ ಬೈಗೆಯ ರಾಜ್ಯ ಕೇರಳದಿಂದ ನಮ್ಮ ಕರಾವಳಿಯವರೆಗೆ ಮಾತ್ರ. 1990ರ ಹೊತ್ತಿನಿಂದ ಅದು ಉತ್ತರಕ್ಕೆ ಹಬ್ಬುತ್ತ ಮಹಾರಾಷ್ಟ್ರ, ಗುಜರಾತಿನಲ್ಲೂ ಅತ್ತ ಪೂರ್ವ ಕರಾವಳಿಯಲ್ಲೂ ಸಿಗತೊಡಗಿತು. ನಾನು 1986ರಲ್ಲಿ ಮುಂಬಯಿಗೆ ಬಂದಾಗ ಇಲ್ಲಿ ತಾರ್ಲಿ ಹುಡುಕಿದರೆ ಮೀನು ಮಾರುವ ಮಾವ್ಶಿ ನಗುತ್ತಿದ್ದಳು. ಈಗ ಮುಲುಂಡಿನ ಮಾರ್ಕೆಟ್ಟಿನಲ್ಲಿ ಬುಟ್ಟಿ ಬುಟ್ಟಿ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದವರು ನಾವು ಮಾತ್ರ ಅಲ್ಲವೆಂದಾಯಿತು. ಬಂಗುಡೆ ಕೆಳಕ್ಕೂ ಹೋಗಿದೆ: 1980ರ ದಶಕದ ಕೊನೆಯಲ್ಲಿ ತಳ ಗುಡಿಸುವ ಟ್ರಾಲ್ ಬಲೆಗೆ ಒಟ್ಟು ಬಂಗುಡೆಯಲ್ಲಿ ಸುಮಾರು ಶೇಕಡಾ 2 ಸಿಗುತ್ತಿದ್ದದ್ದು 2003–07ರ ಹೊತ್ತಿಗೆ 15ರಷ್ಟಾಗಿತ್ತು. ಮೇಲಿನ ನೀರಿನ ಬಿಸಿ ತಾಳದೆ ಆಳಕ್ಕಿಳಿಯಿತು ಎನ್ನುವುದು ಒಂದು ವಿವರಣೆ. ಚೆನ್ನೈಯವರು ಸಂಕರ ಎನ್ನುವ, ನಾವು ಮದ್ಮಲ್ ಎನ್ನುವ ಕೆಂಪು ಮೀನು ಅಲ್ಲಿನ ಕಡಲಿನಲ್ಲಿ ಬೇಸಿಗೆ ತಿಂಗಳಲ್ಲಿ ಮೊಟ್ಟೆ ಇಡುವುದನ್ನು ಬಹುತೇಕ ಬಿಟ್ಟು, ಅಕ್ಟೋಬರಿನಿಂದ ಮಾರ್ಚ್ ನಡುವಿನ ತಂಪಿಗೆ ಹೆರಿಗೆ ಮುಂದೂಡಿದೆ. ನಮ್ಮ ಕಡೆ ಬಲೆಗೆ ಬೀಳುವ ನೀಲಿ ಬಣ್ಣದ ಗಟ್ಟಿ ಚರ್ಮದ ಒಂದು ಮೀನಿಗೆ ಕಾರ್ಗಿಲ್ ಮೀನು ಎಂದೇ ಹೆಸರು. ಕಾರ್ಗಿಲ್ ಯುದ್ಧದ ಹೊತ್ತಿಗೆ ಕಾಣಿಸಿಕೊಂಡಿತೆಂದು ಹಾಗೆ ಕರೆದರಂತೆ. ತಿನ್ನುವವರು ಕಡಿಮೆ, ಹುಡಿ ಫ್ಯಾಕ್ಟರಿಗೇ ಹೋಗುತ್ತದೆ.

2021ರ ಮೇ 15, ಶನಿವಾರ ಸಂಜೆ ನನ್ನ ಫೋನಿನಲ್ಲಿ ಅಣ್ಣನ ಹೆಸರು ಮೂಡಿತು. ಒಂದೂವರೆ ವರ್ಷದ ಮೇಲೆ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹೊರಗೆ ಹಾದುಹೋಗುತ್ತಿತ್ತು. ಗಾಳಿಯ ಸದ್ದಿನಲ್ಲಿ ಅವನ ಮಾತು ಅರ್ಧ ಕೇಳಿಸಲಿಲ್ಲ. ಹಿತ್ತಿಲ ಎರಡು ತೆಂಗಿನಮರ ಬಿದ್ದವಂತೆ, ಕೊರತೆಯಿಲ್ಲದೆ ಬೋಟನ್ನು ಅಳಿವೆಯೊಳಗೆ ತಂದು ಕಟ್ಟಿದ್ದರಂತೆ. ಕೊನೆಗೆ ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿತು: "ಇದ್ ನಾಳೆ ನಾಡಿದ್ದ್ ನಿಮ್ಮಲ್ಲಿಗ್ ಬತ್ತ್. ಕಿಟ್ಕಿ ಭದ್ರ ಮಾಡ್ಕೋ."

ಸೋಮವಾರ ಅದು ಬಂತು. ಮುಂಬಯಿ ವಿಮಾನ ನಿಲ್ದಾಣ ಮುಚ್ಚಿದರು, ಕೊಲಾಬಾದಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಗಾಳಿ. ಬಾಂಬೆ ಹೈ ಕಡೆ ಪಿ-305 ಎಂಬ ಬಾರ್ಜು ಮುಳುಗಿ ಹತ್ತಾರು ಕೆಲಸಗಾರರು ಸತ್ತರು. ನಮ್ಮ ಅಡುಗೆಮನೆಯ ಕಿಟಕಿಯ ಗಾಜು ಒಡೆಯಿತು. ಅಣ್ಣನನ್ನು ದಾಟಿ ನನ್ನ ಮನೆಗೆ ಬಂದ ಗಾಳಿ ಅದು. ಅರಬ್ಬೀ ಸಮುದ್ರದಲ್ಲಿ ಮೊದಲಿನ ಎರಡು ದಶಕಕ್ಕೆ ಹೋಲಿಸಿದರೆ 2001ರಿಂದ 2019ರ ನಡುವೆ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಿವೆ ಎಂದು ಅದೇ ಪುಣೆಯ ಸಂಸ್ಥೆಯವರು ಬರೆದದ್ದು ಆ ವರ್ಷವೇ ಪ್ರಕಟವಾಯಿತು. ನಾನು ಅಣ್ಣನಿಗೆ ಫೋನು ಮಾಡಿ ಗಾಜು ಒಡೆದದ್ದು ಹೇಳಿದೆ. "ಹೇಳಿರ್ಲಿಲ್ಯಾ?" ಎಂದ. ಅಲ್ಲಿಗೆ ನಮ್ಮ ಮಾತು ಮತ್ತೆ ಶುರುವಾಯಿತು. 4 ಲಕ್ಷ 20 ಸಾವಿರದ ಪ್ರಸ್ತಾಪ ಇವತ್ತಿನವರೆಗೂ ಬಂದಿಲ್ಲ.

ಆ ವರ್ಷ ಕೇರಳದಲ್ಲಿ ಬಿದ್ದ ಬೈಗೆ 3,297 ಟನ್. 1994ರ ನಂತರದ ಅತಿ ಕಡಿಮೆ. 3.9 ಲಕ್ಷ ಎಲ್ಲಿ, 3,297 ಎಲ್ಲಿ? ಕೇರಳದವರು ಒಮಾನಿನಿಂದ ಬಂದ ಮತ್ತಿ ತಿಂದರು. ಅಣ್ಣನ ಬೋಟು ಆ ವೇಳೆಗೆ ಮಾರಿಹೋಗಿತ್ತು. ಅವನು ಬೇರೆಯವರ ಬೋಟಿಗೆ ತಂಡೇಲನಾಗಿ ಹೋಗುತ್ತಿದ್ದ. ಐವತ್ತೆಂಟರ ವಯಸ್ಸಿನಲ್ಲಿ.

ಇಲ್ಲಿ ಅಪ್ಪಯ್ಯನ ವಿಷಯ ಹೇಳಬೇಕು. ಅವನಿಗೆ ರಂಪಣಿಯಲ್ಲಿ ಪಾಲಿತ್ತು. ರಂಪಣಿ ಎಂದರೆ ದಡದಿಂದ ಎಳೆಯುವ ದೈತ್ಯ ಬಲೆ. ಮೀನಿನ ಹಿಂಡು ಕಂಡರೆ ದೋಣಿಯಲ್ಲಿ ಬಲೆ ಹೊತ್ತು ಅರ್ಧಚಂದ್ರಾಕಾರವಾಗಿ ಸುತ್ತಿ ಬರುತ್ತಿದ್ದರು, ಎರಡು ತುದಿ ಹಿಡಿದು ದಡದಲ್ಲಿ ನೂರಾರು ಕೈ ಎಳೆಯುತ್ತಿದ್ದವು. 1976ರ ಸುಮಾರು, ನನಗೆ ಒಂಬತ್ತು ವರ್ಷ, ಶಾಲೆ ತಪ್ಪಿಸಿ ತ್ರಾಸಿಯ ಕಡೆ ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದ್ದು ನೆನಪಿದೆ. ಹಗ್ಗ ಮುಟ್ಟಿದವನಿಗೆ, ಮಗುವಾದರೂ, ಒಂದು ಹಿಡಿ ಮೀನು. ಉಳಿದದ್ದು ಪಾಲಿನ ಲೆಕ್ಕ: ಬಲೆಗಿಷ್ಟು, ದೋಣಿಗಿಷ್ಟು, ಆಳಿಗಿಷ್ಟು. ಬಲೆ ಖಾಲಿ ಬಂದರೆ ಎಲ್ಲರ ಬುಟ್ಟಿಯೂ ಖಾಲಿ. ಆದರೆ ಖಾಲಿ ಬುಟ್ಟಿಗೆ ಬಡ್ಡಿ ಬೆಳೆಯುತ್ತಿರಲಿಲ್ಲ. ಆ ಕಾಲ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ, ಮಳೆಗಾಲದಲ್ಲಿ ಗಂಜಿ ನೀರು ಕುಡಿದು ಮಲಗಿದ ರಾತ್ರಿಗಳು ಗೊತ್ತು. ಅದೇ ವರ್ಷಗಳಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬಂತು. ಹಿಂಡು ದಡಕ್ಕೆ ಬರುವ ಮೊದಲೇ ಹೊರಗಡೆಯೇ ಸುತ್ತಿ ಹಿಡಿಯುವ ಬಲೆ. ನಾಲ್ಕೈದು ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಅಪ್ಪಯ್ಯನ ಪಾಲಿನ ಬಲೆಯ ತುಂಡು ನಮ್ಮ ಹಿತ್ತಿಲ ಬೇಲಿಯಾಯಿತು. ಅಪ್ಪಯ್ಯನನ್ನು ಮುಳುಗಿಸಿದ ಬಲೆಯಲ್ಲೇ ಅಣ್ಣ ಪಾಲು ತೆಗೆದದ್ದು. ಅಪ್ಪಯ್ಯ ಇದ್ದಿದ್ದರೆ ಏನನ್ನುತ್ತಿದ್ದನೋ.

ಈಗ ಕಾನೂನಿನ ವಿಷಯ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಚೆನ್ನೈ ಕಡೆ ಏಪ್ರಿಲ್ 15ರಿಂದ ಜೂನ್ 14. ನಮ್ಮಲ್ಲಿ ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ವಿನಾಯಿತಿ. ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ 52 ದಿನ. ಮೊಟ್ಟೆ ಇಡುವ ಹೊತ್ತು, ಬಿರುಗಾಳಿಯ ಹೊತ್ತು, ಎರಡಕ್ಕೂ ಸೇರಿದ ರಜೆ ಇದು, ಒಳ್ಳೆಯದೇ. ಆದರೆ ಇದು ಗೋಡೆಯ ಕ್ಯಾಲೆಂಡರಿನ ಮೇಲೆ ನಿಂತ ಕಾನೂನು. ಈ ವರ್ಷ, 2025ರಲ್ಲಿ, ಮುಂಗಾರು ಮೇ 24ಕ್ಕೆ ಕೇರಳಕ್ಕೆ, 26ಕ್ಕೆ ಮುಂಬಯಿಗೆ ಬಂದುಬಿಟ್ಟಿತು. ಕ್ಯಾಲೆಂಡರಿನಲ್ಲಿ ಇನ್ನೂ ಒಂದು ವಾರ ಬಾಕಿಯಿರುವಾಗಲೇ ಬೋಟುಗಳು ದಡ ಸೇರಿದವು. ಮೊಟ್ಟೆಯ ತಿಂಗಳು ಹಿಂದೆ ಮುಂದೆ ಆದರೆ ರಜೆಯೂ ಹಿಂದೆ ಮುಂದೆ ಆಗಬೇಕಲ್ಲವೆ? ಇನ್ನೊಂದು ತೊಡಕು ಗಡಿಯದು. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ ಅಧಿಕಾರ, ಅದರಾಚೆ 200ರವರೆಗೆ ಕೇಂದ್ರದ್ದು. ಕೇರಳದಲ್ಲಿ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಮತ್ತಿ, ಹದಿನಾಲ್ಕಕ್ಕಿಂತ ಚಿಕ್ಕ ಬಂಗುಡೆ ಹಿಡಿಯುವುದು ಅಪರಾಧ. ಅದೇ ಹಿಂಡು ನಾಲ್ಕು ರಾಜ್ಯ ದಾಟುತ್ತದೆ. ಮೀನಿಗೆ ತಲಪಾಡಿಯ ಚೆಕ್‌ಪೋಸ್ಟು ಗೊತ್ತಿಲ್ಲ.

ಕಾನೂನು ಬರೆಯುವವರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ, ಅದನ್ನು ನನಗೆ ಕಲಿಸಿದ್ದು ಆ ನೋಟೀಸು. ಮರಿ ಮೀನು ಹಿಡಿಯಬಾರದೆಂದು ಅಣ್ಣನಿಗೆ ಗೊತ್ತಿರಲಿಲ್ಲವೆ? ನನಗಿಂತ ಚೆನ್ನಾಗಿ ಗೊತ್ತಿತ್ತು. ಈ ಸಲ ಊರಿನಲ್ಲಿ ಅವನೇ ಹೇಳಿದ: "ಬೋಟ್ ದಕ್ಕೆಗ್ ನಿಂತ್ರೂ ಕಂತ್ ಕಟ್ಕ್ ಅಲ್ದಾ? ತಿಂಗ್ಳ ಐದ್ನೇ ತಾರೀಕ್ ಬಂತ್ ಅಂದ್ರೆ ಮರಿ ಕಂಡ್ರೂ ಬಲೆ ಬಿಡುದೇ." ಮೀನು ಹೇರಳವಾದ ವರ್ಷ ಧೈರ್ಯದಿಂದ ಸಾಲ ತೆಗೆಯುತ್ತಾರೆ. ಕಡಲು ಕೈಕೊಟ್ಟ ವರ್ಷ ಆ ಸಾಲ ತೀರಿಸಲು ಉಳಿದ ಚಿಲ್ಲರೆಯನ್ನೂ ಬಾಚುತ್ತಾರೆ. ಬಿಸಿ ನೀರು ಮೀನನ್ನು ಕಡಿಮೆ ಮಾಡುತ್ತದೆ, ಕಂತು ಉಳಿದದ್ದನ್ನು ಮುಗಿಸುತ್ತದೆ. ಆ ಕಂತಿನ ಹಿಂದೆ ನನ್ನ ಹನ್ನೊಂದು ರುಜು ಇತ್ತು. ಮರಿ ಬಾಚಿದವರು ಯಾರು ಎಂದು ನಾನು ಅವನ ಊಟದ ತಟ್ಟೆಯ ಮುಂದೆ ನಿಂತು ಕೇಳಿದ್ದೆ.

ಕಳೆದ ಜನವರಿಯಲ್ಲಿ ಊರಿಗೆ ಹೋಗಿದ್ದೆ. ಬೈಗೆ ಮರಳಿ ಬಂದಿದೆ. ಕೇರಳದಲ್ಲಿ 2023ರಲ್ಲಿ 1.38 ಲಕ್ಷ ಟನ್ ಬಿತ್ತು, ಮರುವರ್ಷ ಇನ್ನೂ ಸ್ವಲ್ಪ ಹೆಚ್ಚು. ಗಂಗೊಳ್ಳಿಯ ದಕ್ಕೆಯಲ್ಲೂ ರಾಶಿ. ಆದರೆ ಎಂಥ ಮೀನು! ನನ್ನ ಮಧ್ಯದ ಬೆರಳಿಗಿಂತ ಸ್ವಲ್ಪ ಉದ್ದ, ಬಡಕಲು. ಕೇರಳದಲ್ಲೂ ಹೀಗೆಯೇ ಆಗಿ ದಡದಲ್ಲಿ ಕಿಲೋಗೆ ಇಪ್ಪತ್ತು ಮೂವತ್ತು ರೂಪಾಯಿಗೆ ಇಳಿದಿತ್ತು. ಮಳೆ ಅನುಕೂಲವಾಗಿ ಒಮ್ಮೆಲೇ ವಿಪರೀತ ಮರಿ ಹುಟ್ಟಿದವು, ಊಟಕ್ಕೆ ಪೈಪೋಟಿ ಬಿದ್ದು ಬೆಳವಣಿಗೆ ಕುಂಠಿತವಾಯಿತು ಎನ್ನುವುದು ಸಿಎಂಎಫ್‌ಆರ್‌ಐಯವರ ವಿವರಣೆ. ಅಮ್ಮನಿಗೆ ಈಗ ಎಂಬತ್ತಾರು. ಅವಳ ಪರೀಕ್ಷೆ ಸರಳ. ಹಿಂದೆ ಬೈಗೆ ಹುರಿಯಲು ಕಾವಲಿಗೆ ನಾಲ್ಕು ಹನಿ ಎಣ್ಣೆ ಹಾಕುತ್ತಿದ್ದಳು, ತೆಗೆಯುವಾಗ ಕಾವಲಿಯಲ್ಲಿ ಎರಡು ಚಮಚ ಇರುತ್ತಿತ್ತು. ಆ ದಿನ ಮೀನು ಕಾವಲಿಗೆ ಅಂಟಿಕೊಂಡಿತು. ಸಟ್ಟುಗದಿಂದ ಕೆರೆಯುತ್ತ, "ಇದ್ರಲ್ ಎಣ್ಣೆಯೇ ಇಲ್ಲೆ," ಎಂದಳು.

ಆ ರಾತ್ರಿ ಅಣ್ಣನ ಮಗ ನನ್ನ ಹತ್ತಿರ ಬಂದು ಕೂತ. ಇಪ್ಪತ್ತೇಳು ವರ್ಷ. ಬೆಂಗಳೂರಿನಲ್ಲಿ ಮೂರು ವರ್ಷ ಡೆಲಿವರಿ ಕೆಲಸ ಮಾಡಿ ವಾಪಸು ಬಂದವನು. ಹತ್ತು ಹದಿನೈದು ದಿನ ಹೊರಗೇ ಇರುವ ದೊಡ್ಡ ಬೋಟಿನಲ್ಲಿ ಪಾಲು ಸಿಗುತ್ತದೆ, ಸಾಲಕ್ಕೆ ಜಾಮೀನು ಬೇಕು ಎಂದ. ಅಣ್ಣ ಜಗಲಿಯಲ್ಲಿ ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದ. ನಾನು ಓದಿದ್ದನ್ನೆಲ್ಲ ಹೇಳಿದೆ: ಬೈಗೆ ಉತ್ತರಕ್ಕೆ, ಬಂಗುಡೆ ಆಳಕ್ಕೆ, ಚಂಡಮಾರುತ ಹೆಚ್ಚು. ಹುಡುಗ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ:

"ಮೀನ್ ದೂರ ಹೋಯ್ತ್ ಅಂತ ನೀವೇ ಹೇಳ್ತ್ರಿ ಅಲ್ದಾ ಚಿಕ್ಕಯ್ಯ. ಹಂಗಾರೆ ನಾವೂ ದೂರ ಹೋಯ್ಕ್ ಅಲ್ದಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವನ ತರ್ಕದಲ್ಲಿ ತಪ್ಪಿಲ್ಲ, ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ. ದೊಡ್ಡ ಇಂಜಿನ್, ದೊಡ್ಡ ಸಾಲ, ಇನ್ನಷ್ಟು ಡೀಸೆಲು. ಇನ್ನೊಂದು ಒಳ್ಳೆಯ ವರ್ಷದ ಧೈರ್ಯ. ಕಾಗದಗಳನ್ನು ಮುಂಬಯಿಗೆ ತಂದೆ. ಸಾಲ ಕೊಡುವವರಿಗೆ ಫೋನು ಮಾಡಿ, ಕಂತನ್ನು ಮೀನು ಬೀಳುವ ತಿಂಗಳಿಗೆ ಮಾತ್ರ ಇಟ್ಟು, ರಜೆಯ ಎರಡು ತಿಂಗಳಾದರೂ ಬಿಡಲು ಸಾಧ್ಯವೇ ಎಂದು ಕೇಳಿದೆ. ಅಂಥ ಸ್ಕೀಮು ಇಲ್ಲ ಎಂದರು. ಮಾತಾಡಿದ ಹುಡುಗಿ ಬಹಳ ವಿನಯದಿಂದಲೇ ಹೇಳಿದಳು.

ಏಪ್ರಿಲ್‌ನಲ್ಲಿ ನಾನು ನಿವೃತ್ತನಾದೆ. ಪಿಎಫ್ ದುಡ್ಡು ಬಂತು. ಬಹಳ ಯೋಚಿಸಿ ಅಣ್ಣನ ಮಗನಿಗೆ ಹೇಳಿದೆ: ಜಾಮೀನು ಹಾಕುವುದಿಲ್ಲ. ನನ್ನ ಕೈಯಲ್ಲಾದಷ್ಟು ದುಡ್ಡು ಕೊಡುತ್ತೇನೆ, ಸಾಲವಾಗಿ ಅಲ್ಲ, ಪಾಲಾಗಿ. ಅಪ್ಪಯ್ಯನ ರಂಪಣಿಯ ಲೆಕ್ಕದ ಹಾಗೆ. ಮೀನು ಬಿದ್ದರೆ ನನ್ನ ಪಾಲು ಕೊಡು, ಬೀಳದಿದ್ದರೆ ನನ್ನ ಬುಟ್ಟಿಯೂ ಖಾಲಿ. ಆದರೆ ಆ ದುಡ್ಡಿಗೆ ದೊಡ್ಡ ಬೋಟಿನ ಪಾಲು ಸಿಗುವುದಿಲ್ಲ. ಒಂದು ನಾಡದೋಣಿ, ಔಟ್‌ಬೋರ್ಡ್ ಇಂಜಿನ್, ಕಣ್ಣು ಅಗಲದ ಬಲೆ ಬರಬಹುದು. ನನ್ನ ಹೆಂಡತಿ ಕೇಳಿದಳು, "ಒಂದು ಸಲ ನೋಟೀಸು ಬಂದ ಮೇಲೆ ಕಡಲಿಗೆ ಸುರಿದಿರಿ, ಈ ಸಲ ನೋಟೀಸು ಬರುವ ಮೊದಲೇ ಸುರಿಯುತ್ತೀರಾ?" ಅವಳ ಮಾತಿನಲ್ಲೂ ತಪ್ಪಿಲ್ಲ. ಕೊನೆಗೆ ಎಷ್ಟು ಕೊಡಬಹುದು ಎಂಬ ಅಂಕೆಯನ್ನು ಅವಳೇ ಬರೆದುಕೊಟ್ಟಳು, ನಾನು ಅಂದುಕೊಂಡದ್ದರ ಅರ್ಧ.

ಹುಡುಗನಿಗೆ ಸಮಾಧಾನವಿಲ್ಲ. ನಾಡದೋಣಿಗೆ ಹೋಗುವವನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂದು ಅತ್ತಿಗೆಯ ಹತ್ತಿರ ಹೇಳಿದನಂತೆ. ಯೋಚಿಸಿ ಹೇಳುತ್ತೇನೆ ಎಂದು ನನಗೆ ಮೆಸೇಜು ಮಾಡಿ ಐದು ವಾರವಾಯಿತು. ಆ ದೊಡ್ಡ ಬೋಟಿನ ಪಾಲಿಗೆ ಬೇರೆ ಜಾಮೀನುದಾರರನ್ನು ಹುಡುಕುತ್ತಿದ್ದಾನೋ ಏನೋ. ನಾನು ಕೇಳಿಲ್ಲ. ರುಜು ಹಾಕದ ಕಾಗದಗಳು ಮುಲುಂಡಿನ ಕಪಾಟಿನಲ್ಲಿ ಇವೆ.

ನಿನ್ನೆ ರಾತ್ರಿ ಅಣ್ಣ ಫೋನು ಮಾಡಿದ್ದ. ಜುಲೈ, ಬೋಟುಗಳೆಲ್ಲ ಅಳಿವೆಯೊಳಗೆ. ಮಗನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂಬಯಿಯಲ್ಲಿ ಮಳೆ ಹೇಗಿದೆ ಎಂದು ಕೇಳಿದ. ಜೋರಿದೆ ಎಂದೆ. ಅಲ್ಲೂ ಮಳೆ ಜೋರೇ ಅಂತೆ, ಆದರೆ ಕಡಲಿನ ನೀರಿನ್ನೂ ಬಣ್ಣ ತಿರುಗಿಲ್ಲವಂತೆ. ಬೆಳಿಗ್ಗೆ ಬೇಗ ಎದ್ದು ದಡಕ್ಕೆ ಹೋಗಿ ನೋಡಿ ಬರಬೇಕು ಎಂದು ಫೋನು ಇಟ್ಟ.